ಮೂರನೇ ಭಾಗ

ಕಾನೋ ಹಳೇ ಪೇಟೆಯ ಮಣ್ಣುಗೋಡೆಗಳ ನಡುವೆ
ನಾವು ಆರು ಜನ ಟೋಪಿ ಹೊಲಿಯುತ್ತೇವೆ.
ಐದು ಸೂಜಿ, ಒಂದು ನಾಲಿಗೆ.
ನಾಲಿಗೆ ನನ್ನದು. ಓದು ಬಂದವಳು ನಾನೊಬ್ಬಳೇ.
ನಾನು ಓದಿದಷ್ಟು ಹೊತ್ತು, ನನ್ನ ಪಾಲಿನ ಟೋಪಿಗೆ
ಅವರೇ ಸಾಲಿಗಿಷ್ಟು ದಾರ ಹಾಕಿಕೊಡುತ್ತಾರೆ.

ಪುಸ್ತಕ ತೆಳ್ಳಗೆ, ಅಂಗೈಯಗಲ, ಅಗ್ಗದ ಕಾಗದ.
ಎರಡನೇ ಭಾಗದ ಕೊನೆಗೆ
ಲುಬಾಬತು ಬಾವಿಕಟ್ಟೆಯ ಮೇಲೆ ಕೂತಿದ್ದಾಳೆ,
ಒಂದು ಕೈಯಲ್ಲಿ ಬಟ್ಟೆ ವ್ಯಾಪಾರಿ ಮೂದಿ ಕೊಟ್ಟ ಗಡಿಯಾರ,
ಇನ್ನೊಂದರಲ್ಲಿ ಮೇಷ್ಟ್ರು ಸಾಗಿರ್ ಬರೆದ ಕಾಗದ.
ಕೆಳಗೆ ಇರುವೆ ಸಾಲಿನಂಥ ಅಕ್ಷರ:
ಮುಂದಿನದು ಮೂರನೇ ಭಾಗದಲ್ಲಿ.

ಮೂರು ವಾರವಾದರೂ ಬರಲಿಲ್ಲ.
ಪ್ರೆಸ್ಸಿಗೆ ಕರೆಂಟಿಲ್ಲ ಎಂದ
ಕುರ್ಮಿ ಪೇಟೆಯ ಅಂಗಡಿಯವ, ನೊಣ ಹೊಡೆಯುತ್ತಾ.
ನಮ್ಮ ಅಂಗಳ ಇಬ್ಭಾಗವಾಯಿತು.

ತಲಾತು, ಅಸಾಬೆ ಮೂದಿಯ ಕಡೆ:
"ಮೂಟೆ ಅಕ್ಕಿ ಇರುವ ಮನೆಯಲ್ಲಿ
ಪ್ರೀತಿ ತಾನಾಗಿ ಬೇಯುತ್ತದೆ."
ಲಾದಿದಿ ಮೇಷ್ಟರ ಕಡೆ. ಅವಳಿಗೆ ಅ ಬಾರದು, ಆ ಬಾರದು,
ಆದರೂ ಅವನ ಕಾಗದವನ್ನು ನಾಲ್ಕು ಸಲ ಓದಿಸಿದಳು;
ನಾಲ್ಕನೇ ಸಲ ಸೂಜಿ ಬೆರಳಿಗೆ ಹೊಕ್ಕು
ಬಿಳೀ ಟೋಪಿಯ ಮೇಲೆ ಒಂದು ಕೆಂಪು ಚುಕ್ಕೆ.
ಅದರ ಮೇಲೊಂದು ಹೂ ಹೊಲಿದು ಮುಚ್ಚಿದೆವು.
ಈಗ ಯಾವ ದೊಡ್ಡಮನುಷ್ಯನ ತಲೆ ಮೇಲಿದೆಯೋ.

ಗೊಗ್ಗೋ ದೇಲುಗೆ ಈ ಕಥೆ ಕಂಡರೆ ಮೈಯುರಿ:
"ಎರಡು ದೋಣಿಯಲ್ಲಿ ಕಾಲಿಟ್ಟವಳ ಪುರಾಣ!
ಒಂದು ಹಸಿವಿಗೇ ನನ್ನ ಜೀವಮಾನ ಸಾಲಲಿಲ್ಲ,
ಇವಳಿಗೆ ಎರಡೆರಡು ಹಸಿವಂತೆ."
ಬೈಯುತ್ತಾಳೆ, ಎದ್ದು ಹೋಗುವುದಿಲ್ಲ.
ಕೇಳಿಸುವ ಕಿವಿಯನ್ನು
ನನ್ನ ಕಡೆಗೆ ತಿರುಗಿಸಿಕೊಂಡು ಕೂರುತ್ತಾಳೆ.

ನಮ್ಮನ್ನು ಯಾರು ಕೇಳಿದ್ದರು?
ಹದಿನೈದಕ್ಕೋ ಹದಿನಾರಕ್ಕೋ
ಇದ್ದ ಒಂದೇ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದವರು.
ಲುಬಾಬತು ನೂರಿಪ್ಪತ್ತು ಪುಟ
ಎರಡು ಬಾಗಿಲ ನಡುವೆ ನಿಂತಿದ್ದಾಳೆ, ಎರಡೂ ತೆರೆದೇ ಇವೆ.
ಅಲ್ಲಾಡುವ ಗಾಳಿ ನಮಗೂ ಒಂದಿಷ್ಟು ಬಡಿಯುತ್ತದೆ.
ಅವಳು ಆರಿಸಿದಳೋ, ಒಂದು ಬಾಗಿಲು ಬಿತ್ತು;
ಮತ್ತೆ ಅದೇ ಸೆಖೆ, ಅದೇ ಟೋಪಿ.
ಬೇಗ ಹೇಳು ಎಂದು ಪೀಡಿಸುವವರೇ
ಒಳಗೊಳಗೆ, ಇವತ್ತು ಬೇಡ ಎನ್ನುತ್ತಾರೆ.

ತಬಾವಾ ಮಾತ್ರ ಯಾರ ಕಡೆಯೂ ಅಲ್ಲ.
ಅವಳ ಗಂಡ ಹೋದ ವರ್ಷ ಇನ್ನೊಬ್ಬಳನ್ನು ತಂದ.
ಎರಡು ರಾತ್ರಿ ಅವಳದು, ಎರಡು ಇವಳದು,
ಲೆಕ್ಕ ಪಕ್ಕಾ. ಮನಸ್ಸಿಗೆ ಲೆಕ್ಕ ಬಾರದು ಅಷ್ಟೆ.
ಒಂದು ಸಂಜೆ ದಾರ ಕಚ್ಚಿ ಹರಿದು ಕೇಳಿದಳು:
"ಬೇಡವಾದವನು ಆ ರಾತ್ರಿ ಏನು ಉಣ್ಣುತ್ತಾನೆ?"
ಯಾರೂ ಮಾತಾಡಲಿಲ್ಲ. ಅವಳೇ ಅಂದಳು:
"ಈ ಕಥೆಗಳು ನನಗಾಗುವುದಿಲ್ಲ.
ಕೊನೇ ಪುಟದಲ್ಲಿ ಯಾವಳೋ ಅತ್ತೆಮಗಳನ್ನು ತಂದು
ಅವನ ಕೈಗಿಡುತ್ತಾರೆ,
ಚಿಲ್ಲರೆ ಇಲ್ಲದ ಅಂಗಡಿಯವ ಪೆಪ್ಪರಮೆಂಟು ಕೊಟ್ಟ ಹಾಗೆ."

ನಿನ್ನೆ ಬಂತು, ಮೂರನೇ ಭಾಗ.
ರಾತ್ರಿ ಟಾರ್ಚು ಹಿಡಿದು ಕದ್ದು ಓದಿದೆ.
ಯಾರನ್ನು ಆರಿಸಿದಳೆಂದು ನಿಮಗೆ ಹೇಳುವುದಿಲ್ಲ,
ಹೇಳಿದರೆ ನೀವೂ ಜಗಳಕ್ಕೆ ಬರುತ್ತೀರಿ.
ಬಿಟ್ಟವನಿಗೆ ಇದ್ದದ್ದು ನಾಲ್ಕು ಸಾಲು:
ಧೂಳು, ಲಾರಿ, ಲಾಗೋಸ್ ದಾರಿ, ದೇವರು ಒಳ್ಳೆಯದು ಮಾಡಲಿ.
ಅತ್ತೆಮಗಳು ಕೂಡ ಇಲ್ಲ.

ಇವತ್ತು ಸಂಜೆ ಓದಿದೆ.
ಒಂದು ಕಡೆಯವರು ಚಪ್ಪಾಳೆ, ಇನ್ನೊಂದು ಕಡೆ ಶಾಪ.
ನಾಲ್ಕು ಸಾಲು ಮುಗಿಯಿತು,
ನನ್ನ ದನಿ ನಿಲ್ಲಲಿಲ್ಲ.
ಅವನನ್ನು ಲಾರಿಯಿಂದ ಇಳಿಸಿದೆ. ಕಾಲು ತೊಳೆಸಿದೆ.
ಬೇವಿನ ಮರದಡಿ ಒಬ್ಬ ಮುದುಕಿಯಿಂದ
ಎರಡು ಕೊಸಾಯಿ, ಒಂದು ಬಟ್ಟಲು ಸಜ್ಜೆ ಗಂಜಿ ಕೊಡಿಸಿದೆ.
ಉಂಡ. ಅಳಲಿಲ್ಲ. ಮುದುಕಿ ದುಡ್ಡು ಕೇಳಿದಳು,
ಎಣಿಸಿ ಕೊಟ್ಟ, ಚಿಲ್ಲರೆಯನ್ನು ಕೇಳಿ ಈಸಿಕೊಂಡ.

ತಬಾವಾಳ ಸೂಜಿ ನಿಂತಿತ್ತು.

ದೇಲು ಕುತ್ತಿಗೆ ಚಾಚಿ ಪುಸ್ತಕ ನೋಡಿದಳು:
"ಪುಟ ತಿರುಗಿಸದೆ ಇಷ್ಟು ಹೊತ್ತು ಓದುತ್ತೀಯಲ್ಲೇ,
ಅಕ್ಷರ ಅಷ್ಟು ಸಣ್ಣದೋ?"
"ಹೌದು ಗೊಗ್ಗೋ," ಅಂದೆ,
"ಈ ಜಾಗದಲ್ಲಿ ಬಹಳ ಸಣ್ಣದು."