ಇನ್ನೊಂದು ಸುತ್ತು

ಕಪ್ಪು ಪರದೆಯ ಹಿಂದೆ, ಎಡಗಡೆ ಮೂಲೆಯಲ್ಲಿ,
ಮರಳಿನ ಬಕೆಟ್ಟಿಗೂ ನೀರಿನ ಕ್ಯಾನಿಗೂ ನಡುವೆ
ನನ್ನ ಜಾಗ.
ಅಲ್ಲಿಂದ ನಾಟಕ ಕಾಣುವುದಿಲ್ಲ,
ಕಾಣುವುದು ಬರೀ ಕಾಲು, ಮಂಡಿಯಿಂದ ಕೆಳಗೆ.
ರಾಣಿಯ ಹಿಮ್ಮಡಿ ಒಡೆದಿದೆ,
ಮಂತ್ರಿಗಳದು ಎರಡು ಬಣ್ಣದ ಕಾಲುಚೀಲ.
ಕಾಸು ಕೊಟ್ಟು ಕೂತವರಿಗೆ
ಇದೆಲ್ಲ ಗೊತ್ತಿಲ್ಲ.

ಮೂರು ತಿಂಗಳ ತಾಲೀಮು ಮಲ್ಲೇಶ್ವರದಲ್ಲಿ,
ಶಾಲೆಯೊಂದರ ಊಟದ ಹಾಲು.
ಸಾರಿನ ವಾಸನೆ ಕುಡಿದ ಗೋಡೆ, ಗೆದ್ದಲು ಹಿಡಿದ ಪಿಯಾನೊ.
ನಡುವಿನ ಗಾಂಧಾರ ಒತ್ತಿದರೆ
ಒಳಗೇ ಕೂತುಬಿಡುತ್ತದೆ
ಊಟವಾದರೂ ಏಳದ ನೆಂಟನ ಹಾಗೆ.
ಕಿರುಬೆರಳಲ್ಲಿ ಮೀಟಿ ಎಬ್ಬಿಸಬೇಕು,
ಹಾಡು ನಿಲ್ಲಬಾರದು.

"ಮೇಡಂ, ಎರಡು ಮನೆ ಇಳಿಸಿ," ಅನ್ನುತ್ತಾಳೆ ಹೇಮಾಂಬಿಕೆ,
ಗಂಟಲು ಕಟ್ಟಿದೆ.
ಇಳಿಸುತ್ತೇನೆ.
"ಯಾಕೋ ಮಂಕಾಯ್ತಲ್ಲ," ಅನ್ನುತ್ತಾರೆ ವಿರೂಪಾಕ್ಷ.
ಒಂದು ಮನೆ ಏರಿಸುತ್ತೇನೆ.
ಹುಡುಗರು ಮೆಟ್ಟಿಲಿಳಿಯಲು ಎಂಟು ಎಣಿಕೆ ಸಾಲದಂತೆ.
ಪೆನ್ಸಿಲ್ ಚೂರು ಹಲ್ಲಲ್ಲಿ ಕಚ್ಚಿಕೊಂಡೇ
ಇನ್ನೆಂಟು ಹುಟ್ಟಿಸುತ್ತೇನೆ.
ಒಂದೇ ಸಾಲು ನಲವತ್ತು ಸಲ;
ನಲವತ್ತೊಂದಕ್ಕೆ ಅವರಿಗೆ ಬಂದಿರುತ್ತದೆ,
ನನ್ನಿಂದ ಹೋಗಿರುತ್ತದೆ.

ಕರಪತ್ರದಲ್ಲಿ ಜಸಿಂತ ರಾಯಪ್ಪ
ವಸಂತ ರಾಯಪ್ಪ ಆಗಿದ್ದೇನೆ.
ಇರಲಿ ಬಿಡಿ.
ಲಿಂಗರಾಜಪುರದ ಮನೆಯಲ್ಲಿ ಬೆಳಿಗ್ಗೆ ಆರು ಮಕ್ಕಳಿಗೆ ಪಾಠ,
ಮದುವೆಯಿದ್ದರೆ ಇಗರ್ಜಿ,
ಆಮೇಲೆ ಕೀಬೋರ್ಡು ಹೊತ್ತು ಆಟೋಗೆ ಕೈ ಅಡ್ಡ.
ಸೀಟಿನ ಮೇಲೆ ಅಡ್ಡಡ್ಡ ಮಲಗುತ್ತದೆ, ಬಾಲ ಹೊರಗೆ.
"ಏನಮ್ಮಾ ಒಳಗೆ?"
"ಪಿಯಾನೊ."
"ಜೀವ ಇದೆ ತಾನೆ?" ಎಂದು ನಕ್ಕು
ಮೀಟರಿನ ಮೇಲೆ ಮೂವತ್ತು ಕೇಳುತ್ತಾನೆ.

ಆ ಗುರುವಾರ, ಎರಡನೆಯ ಅಂಕ.
ಅಗಸಗಿತ್ತಿ ರಾಣಿಯಾಗುವ ಹೊತ್ತು. ಪೂರ್ತಿ ಕತ್ತಲು.
ನನಗಿದ್ದದ್ದು ನಾಲ್ಕು ಸಾಲು,
ಅವಳು ಉಡುಪು ಬದಲಿಸುವ ತನಕ ತಿರುಗಿಸುತ್ತಿರಬೇಕು,
ಎರಡು ಸುತ್ತಿಗೆ ಮುಗಿಯುವ ಕೆಲಸ.
ಎರಡಾಯಿತು. ಮೂರೂ ಆಯಿತು.
ಕಿವಿಯ ತಂತಿಯಲ್ಲಿ ಏದುಸಿರು:
"ಜಿಪ್ ಸಿಕ್ಕೊಂಡಿದೆ. ಇನ್ನೊಂದು ಸುತ್ತು."

ಐದಕ್ಕೆ ಎಡಗೈಗೆ ಜಟಕಾ ಕುದುರೆಯ ನಡೆ ಕೊಟ್ಟೆ.
ಏಳಕ್ಕೆ ಬಲಗೈಯಲ್ಲಿ ಅಜ್ಜಿ ಅಕ್ಕಿ ಕೇರಿದಳು.
ಒಂಬತ್ತಕ್ಕೆ ಯಾರೋ ಕೆಮ್ಮಿದರು,
ಕೆಮ್ಮನ್ನೂ ತಾಳಕ್ಕೆ ಸೇರಿಸಿಕೊಂಡೆ.
"ಇನ್ನೊಂದು, ಮೇಡಂ, ದಮ್ಮಯ್ಯ."
ಹನ್ನೊಂದರಲ್ಲಿ ಮಂದ್ರಕ್ಕಿಳಿದೆ,
ಅಲ್ಲಿ ಏನೋ ಸಿಕ್ಕಿತು,
ಏನೆಂದು ಕೇಳಬೇಡಿ, ನನಗೂ ತಿಳಿಯದು,
ಸುಮ್ಮನೆ ಅದರ ಹಿಂದೆ ಹೋದೆ ಎರಡು ಸುತ್ತು.
ಮುನ್ನೂರು ಜನ ಕತ್ತಲಲ್ಲಿ
ಒಬ್ಬನೇ ಮನುಷ್ಯನ ಹಾಗೆ ಉಸಿರಾಡುತ್ತಿದ್ದರು.
ಹದಿನಾಲ್ಕಕ್ಕೆ ದೀಪ ಬಂತು.
ಒಡೆದ ಹಿಮ್ಮಡಿ ಸಿಂಹಾಸನದ ಕಡೆ ನಡೆಯಿತು.

ಪತ್ರಿಕೆಯವರು ಬರೆದರು:
ಎರಡನೆಯ ಅಂಕದ ಆ ದೀರ್ಘ ಕತ್ತಲು
ನಿರ್ದೇಶಕರ ಧೈರ್ಯಕ್ಕೆ ಸಾಕ್ಷಿ.
ವಿರೂಪಾಕ್ಷ ಕತ್ತರಿಸಿಟ್ಟುಕೊಂಡರು.
"ಅದನ್ನ ಹಾಗೇ ಇಡೋಣ ಮೇಡಂ, ಹದಿನಾಲ್ಕೂ."

ಇಟ್ಟಿದ್ದೇನೆ. ಪ್ರತಿ ಪ್ರದರ್ಶನಕ್ಕೂ
ಕುದುರೆ ಬರುತ್ತದೆ, ಅಜ್ಜಿ ಅಕ್ಕಿ ಕೇರುತ್ತಾಳೆ.
ಕೆಮ್ಮನ್ನೂ ಬರೆದಿಟ್ಟುಕೊಂಡಿದ್ದೇನೆ,
ಕೆಮ್ಮುವವರು ಮಾತ್ರ ಬೇರೆ ಕಡೆ ಕೆಮ್ಮುತ್ತಾರೆ.
ಹನ್ನೊಂದರಲ್ಲಿ ಮಂದ್ರಕ್ಕಿಳಿದರೆ
ಖಾಲಿ ಕೋಣೆ, ದೀಪ ಹಚ್ಚಿಟ್ಟ ಹಾಗೆ.

ಜಿಪ್ಪು ಈಗ ಹೊಸದು, ಎರಡನೆಯ ಸುತ್ತಿಗೇ ಏರುತ್ತದೆ.
ಉಳಿದ ಹನ್ನೆರಡೂ ಸುತ್ತು
ಪರದೆಯ ಅಂಚಿನಲ್ಲಿ ರಾಣಿಯ ಕಾಲು ಕಾಯುತ್ತ ನಿಂತಿರುತ್ತದೆ.
ನಿನ್ನೆ ಹತ್ತನೆಯ ಸುತ್ತಿನಲ್ಲಿ
ಆ ಹಿಮ್ಮಡಿ ನೆಲಕ್ಕೆ ಮೆಲ್ಲಗೆ ತಟ್ಟಿತು,
ನನ್ನ ತಾಳಕ್ಕಲ್ಲ, ಅದಕ್ಕಿಂತ ಕೂದಲೆಳೆಯಷ್ಟು ತಡವಾಗಿ.
ಬೆರಳು ತಡೆದವು.
ಅವಳ ತಟ್ಟಿಗಾಗಿ ನಾನೂ
ಕೂದಲೆಳೆಯಷ್ಟು ಕಾದೆ.