ಮೂಲೆಯ ನೀರು

ವರ್ಸೋವಾದ ಕಡಲು ಎರಡೇ ಗಲ್ಲಿಯಾಚೆ.
ನಾನಿಲ್ಲಿ ಬಕೆಟ್ಟಿನಲ್ಲಿ
ಕಿಲೋ ಲೆಕ್ಕದ ಉಪ್ಪು ಕದಡುತ್ತೇನೆ.
ಕಡಲಿಗೂ ಕಾಸು ಕೊಡ್ತೀರಾ ಅಂತ
ಬೊಂಬಿಲ್ ಮಾರುವ ತಾನೂಬಾಯಿಗೆ ನಗು.

ಕಲ್ಲಿನ ಹಿಂದೊಂದು ಮೂಲೆ.
ನೀರು ಅಲ್ಲಿಗೆ ಹೋಗುವುದೇ ಇಲ್ಲ,
ಕೆಂಪು ಪಾಚಿ ಕಂಬಳಿ ಹೊದ್ದು ಮಲಗಿದೆ.

ಪಂಪಿನ ಮೂತಿ ಗಾಜಿನ ಕಡೆ ತಿರುಗಿಸಿದೆ,
ಬಡಿದು, ಚೆದುರಿ, ವಾಪಸು ಬರಲಿ ಅಂತ.
ಫಿಲ್ಟರಿನ ಕೊಳೆತ ಸ್ಪಂಜು ಕಿತ್ತು
ಹೊಸ ಪಾಲಿಯೆಸ್ಟರ್ ಹತ್ತಿ ತುರುಕಿದೆ.
ಸುಜಯಾಳ ದಿಂಬಿನದು. ಕೇಳಿರಲಿಲ್ಲ.

ಕೊನೆಯ ಮೆಟ್ರೋ ಹೋದ ಮೇಲೆ
ಮೂರು ವಾರ ಮುದುಡಿದ್ದ ಹವಳ
ಒಂದೇ ಒಂದು ಬೆರಳು ಚಾಚಿತು,
ಬಸ್ಸಿನ ಕಿಟಕಿಯಿಂದ ಕೈಯಿಟ್ಟು
ಮಳೆ ನಿಂತಿತೇ ಎಂದು ನೋಡುವವರ ಹಾಗೆ.

ಕರೆಯಬೇಕೆಂದು ತಿರುಗಿದೆ.
ಸುಜಯಾ ಮಡಚಿದ ಸೀರೆಯ ಮೇಲೆ
ತಲೆಯಿಟ್ಟು ನಿದ್ದೆಹೋಗಿದ್ದಳು.