ಎಂಟು ಸೆಕೆಂಡಿನ ಹನಿ

ಡ್ರೆಸ್ಡೆನ್, ನವೆಂಬರ್, ರಾತ್ರಿ ಎರಡೂಕಾಲು.
ನೆಲಮಾಳಿಗೆಯ ಕತ್ತಲಕೋಣೆಯಲ್ಲಿ ವೀಬ್ಕೆ
ಇಲಿಯ ಜೀವಕೋಶವೊಂದರ ನಡುಮನೆಗೆ
ಇಣುಕಿ ಕೂತಿದ್ದಾಳೆ.
ಕಾಫಿ ಆರಿದೆ. ಲೇಸರಿಗೆ ಮಾತ್ರ ನಿದ್ದೆಯಿಲ್ಲ.

ಮೊದಲು ಬರೀ ಹಸಿರು ಮಬ್ಬು,
ಗೊತ್ತುಗುರಿಯಿಲ್ಲದ ಓಡಾಟ.
ಆಮೇಲೆ, ಅದೋ, ಆ ಮೂಲೆಯಲ್ಲಿ
ಪ್ರೋಟೀನುಗಳು ಒಂದಕ್ಕೊಂದು ಆತು
ಹನಿಗಟ್ಟುತ್ತವೆ.
ಕರೆದವರಿಲ್ಲ. ಗೋಡೆಯಿಲ್ಲ, ಹೊಸ್ತಿಲಿಲ್ಲ,
ನೀನಾರವನೆಂದು ಕೇಳುವ ಕಾವಲಿಲ್ಲ.
ಸಡಿಲಬಿಟ್ಟ ಬಾಲದ ಎಳೆಗಳು
ಹಿಡಿದೂ ಹಿಡಿಯದ ಹಾಗೆ ಹಿಡಿದುಕೊಂಡಿವೆ.
ಒಂದು, ಎರಡು, ಮೂರು,
ಅವಳು ತುಟಿಯಲ್ಲೇ ಎಣಿಸುತ್ತಾಳೆ.
ಎಂಟಕ್ಕೆ ಕರಗಿತು.

ಆ ಎಂಟರೊಳಗೆ
ದೂರದ ಸ್ವಿಚ್ಚೊಂದು ಹತ್ತಿರ ಬಂತು, ಮುಟ್ಟಲಿಲ್ಲ.
ಸುರುಳಿ ಸುತ್ತಿ ಮಡಿಸಿಟ್ಟ ಬರಹದಲ್ಲಿ
ಒಂದು ಸಾಲು ಬಿಚ್ಚಿಕೊಂಡಿತು.
ನಕಲಿನ ನೂಲು ಕೆಂಪಗೆ ಮಿಣುಕಿತು.

"ಗದ್ದಲ ಅಷ್ಟೆ" ಅಂದಿದ್ದ ಟೂಮಸ್,
ಹಗಲು ಪಾಳಿಯ ಎಸ್ಟೋನಿಯಾದವನು,
ಗ್ರಾಫಿನ ಗೆರೆ ನೆಟ್ಟಗಿದ್ದರೆ ಮಾತ್ರ ನಗುವವನು.
ಗದ್ದಲವೇ ಇರಬಹುದು.

ಮೊನ್ನೆ ಅವಳ ಕಟ್ಟಡದಲ್ಲಿ ಲಿಫ್ಟು ಕೆಟ್ಟಿತ್ತು.
ಮೆಟ್ಟಿಲ ಬುಡದಲ್ಲಿ ಮೂರು ವಾರದಿಂದ ಅಂಟಿಕೊಂಡಿದ್ದ ನೋಟೀಸು
ಒಬ್ಬೊಬ್ಬರೇ ದಾಟುವಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.
ಆಲೂಗಡ್ಡೆ ಹೊತ್ತ ಫ್ರಾವ್ ನೋವೋಟ್ನಿ
ಉಸಿರು ತಗೊಳ್ಳಲು ನಿಂತಳು.
ಅವಳಿಗಾಗಿ ನಾಯಿ ಹಿಡಿದ ಹುಡುಗ ನಿಂತ.
ಜಾಗ ಸಾಲದೆ ಹಿಂದೆ ವೀಬ್ಕೆಯೂ.
ನಿಂತ ಮೇಲೆ ಮಾಡುವುದೇನು?
ಹುಡುಗ ಗಟ್ಟಿಯಾಗಿ ಓದಿದ:
ಗುರುವಾರ ನಲ್ಲಿಯಲ್ಲಿ ನೀರಿಲ್ಲ.
ನಾಯಿ ಬೊಗಳಿತು. ನಕ್ಕರು. ಚದುರಿದರು.
ಬುಧವಾರ ರಾತ್ರಿ ಮೂರು ಮನೆಗಳಲ್ಲಿ
ಪಾತ್ರೆಗಳು ತುಂಬಿದವು.

ಹನಿಹನಿ ಕೂಡಿದರೆ ಹಳ್ಳ ಅನ್ನುತ್ತದೆ ನನ್ನ ಭಾಷೆ.
ನಿನ್ನ ಕನ್ನಡಿಯ ಕೆಳಗೆ ಈ ಗಾದೆ
ಅರ್ಧದಲ್ಲೇ ನಿಂತರೆ ಒಳ್ಳೆಯದು, ವೀಬ್ಕೆ.
ಚದುರಲು ಮರೆತು ಗಟ್ಟಿಯಾದ ಹನಿಗಳಿಗೆ
ಡಾಕ್ಟರರು ಹೆಸರಿಟ್ಟಿದ್ದಾರೆ;
ನಿನ್ನ ಅಪ್ಪನ ಕೊನೆಯ ವರ್ಷಗಳಲ್ಲಿ
ಅವುಗಳಲ್ಲೊಂದನ್ನು ನೀನು ಬಾಯಿಪಾಠ ಮಾಡಿದ್ದೆ.

ನಾಲ್ಕು ಗಂಟೆ. ಟೂಮಸನ ಮೇಜಿನ ಮೇಲೆ ಚೀಟಿ:
"ನೂರಾ ಹನ್ನೊಂದು ಹನಿ.
ಪ್ರತಿ ಸಲವೂ ಎಂಟಲ್ಲ. ಆರು, ಹನ್ನೊಂದು, ಒಮ್ಮೆ ಇಪ್ಪತ್ತು.
ನೀನೇ ಎಣಿಸು."

ಹೊರಗೆ ಟ್ರಾಮು ನಿಲ್ದಾಣದಲ್ಲಿ ಒಬ್ಬಳೇ ನಿಂತಳು.
ಬೇಕರಿಯ ಬಿಳಿ ಅಂಗಿಯವನೊಬ್ಬ ಬಂದ,
ಎರಡು ಮಾರು ದೂರದಲ್ಲಿ ನಿಂತ.
ಇಬ್ಬರೂ ವೇಳಾಪಟ್ಟಿಯತ್ತ
ಒಟ್ಟಿಗೇ ಕತ್ತು ತಿರುಗಿಸಿದರು.